ನಮ್ಮ ನಾಡಿನಲ್ಲಿ ಬೆಳಕಿನ ವಿದ್ಯೆ

ಇಳಕಲ್ಲಿನ ಅಂಗಡಿಗೆ ಸೀರೆ ಕೊಳ್ಳಲು ಹೋದ ನಮ್ಮ ಹೆಣ್ಣುಮಕ್ಕಳು ದೀಪದ ಬೆಳಕಿನಲ್ಲಿ ಮಾತ್ರ ಬಣ್ಣ ನೋಡಿ ಎಂದಿಗೂ ವ್ಯಾಪಾರವನ್ನು ಮುಗಿಸುವದಿಲ್ಲ. ಮಡಿಕೆಯನ್ನು ಬಿಚ್ಚಿ, ಸೆರಗನ್ನು ಕೈಯಲ್ಲಿ ಹಿಡಿದು, ಬಾಗಿಲವರೆಗೆ ಬಂದು, ಹೊರಗಿನ ಬಿಸಿಲಿಗೆ ಒಡ್ಡಿ ನೋಡುವರು. ಒಳಗೆ ಕರಿದಾಗಿ ಕಂಡ ಒಡಲು ಹೊರಗೆ ನೀಲಿಯಾಗುವದು. ಮಂಕಾಗಿ ಕಂಡ ಸೆರಗಿನ ಕೆಂಪು ದಾಳಿಂಬರದ ಕಾಳಿನಂತೆ ಹೊಳೆಯುವದು. ಅಂಗಡಿಕಾರನೂ ಇದರಲ್ಲಿ ಅವಿಶ್ವಾಸವನ್ನು ಕಾಣುವದಿಲ್ಲ. ಹಳೆಯ ತರದ ದೀಪದ ಬೆಳಕಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಇಲ್ಲದ ನೀಲಿಯನ್ನು ಅರಿವೆಯು ಎಲ್ಲಿಂದ ತಂದು ತೋರಿಸೀತು? ಬಣ್ಣವೆಂಬುದು ಅರಿವೆಯಲ್ಲಿ ಮಾತ್ರವಲ್ಲ, ಅದರ ಮೇಲೆ ಬೀಳುವ ಬೆಳಕಿನಲ್ಲಿಯೂ ನೋಡುವ ಕಣ್ಣಿನಲ್ಲಿಯೂ ಇರುವದೆಂಬ ದೊಡ್ಡ ತತ್ವವನ್ನು ನಮ್ಮ ತಾಯಂದಿರು ಪುಸ್ತಕದ ಸಹಾಯವಿಲ್ಲದೆ ಅರಿತಿರುವರು.

ಬಾದಾಮಿಯ ಕೆಂಪು ಬಂಡೆಗಳನ್ನು ನಡುಹಗಲಿನಲ್ಲಿ ನೋಡಿದವರು ಸಂಜೆಗೆ ಮತ್ತೊಮ್ಮೆ ನೋಡಬೇಕು. ಅದೇ ಕಲ್ಲು ಕೆಂಡದಂತೆ ಕಾಣುವದು. ಕಲ್ಲು ಬದಲಾಗಲಿಲ್ಲ, ಇಳಿಹೊತ್ತಿನ ಬಿಸಿಲು ಗಾಳಿಯಲ್ಲಿ ಬಹುದೂರ ಹಾದು ಬರುವಾಗ ಅದರೊಳಗಿನ ನೀಲಿಯು ಚದರಿಹೋಗಿ ಕೆಂಪು ಉಳಿಯಿತು, ಅಷ್ಟೇ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಯರ ನೀರು ಮಳೆಗಾಲದಲ್ಲಿ ಮಣ್ಣಿನ ಬಣ್ಣದ್ದು, ತಿಳಿಯಾದ ಮೇಲೆ ಬೇರೊಂದು ಬಣ್ಣದ್ದು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳವರೆಗೆ ಬಂದ ಮೇಲಂತೂ, ದಂಡೆಯಲ್ಲಿ ನಿಂತ ಮಕ್ಕಳು "ನೀರು ನೀಲಿ ಯಾಕೆ?" ಎಂದು ಕೇಳುತ್ತಲೇ ಇರುವರು. "ಆಕಾಶದ ನೆರಳು" ಎಂದು ಹೇಳಿ ನಾವು ಮುಂದಕ್ಕೆ ನಡೆಯುವೆವು. ಅದು ಅರ್ಧ ಉತ್ತರವೆಂಬುದು ನಮಗೂ ಗೊತ್ತಿರುವದಿಲ್ಲ.

ಇಂಥ ಪ್ರಶ್ನೆಗಳನ್ನು ಕೇಳುವದನ್ನು ತರುಣರಿಗೆ ಕಲಿಸಿ, ಉತ್ತರವನ್ನು ಪ್ರಯೋಗದಿಂದ ಹುಡುಕಿಸುವ ವಿದ್ಯಾವಿಭಾಗಗಳು ನಮ್ಮ ಕನ್ನಡನಾಡಿನಲ್ಲಿ ಹೇಗೆ ಹುಟ್ಟಿದವು, ಹೇಗೆ ಬೆಳೆದವು ಎಂಬುದನ್ನು ವಾಚಕರ ಮುಂದಿಡಬೇಕೆಂದು ನಾವು ಬಹುದಿವಸದಿಂದ ನೆನೆಸಿದ್ದೆವು. ಅದಕ್ಕೆ ಈಗ ಒಂದು ಕಾರಣವೂ ಒದಗಿದೆ. ನಮ್ಮ ಜಿಲ್ಲೆಯ ಹೆಸರಿನ ಬಾಗಲಕೋಟೆ ವಿಶ್ವವಿದ್ಯಾಲಯವು ೨೦೨೩ ರಲ್ಲಿ ಜಮಖಂಡಿಯಲ್ಲಿ ಆರಂಭವಾಯಿತು. ಹೊಸ ವಿದ್ಯಾಲಯವೆಂದೊಡನೆ ಜನರು ಕಟ್ಟಡವೆಷ್ಟು, ಹಣವೆಷ್ಟು ಎಂದು ಕೇಳುವರು. ಅದು ಕೇಳತಕ್ಕ ಮಾತೇ ಸರಿ. ಆದರೆ ಬೆಳಕಿನ ವಿದ್ಯೆಯ ಇತಿಹಾಸವನ್ನು ನೋಡಿದರೆ, ಕೇಳಬೇಕಾದ ಇನ್ನೊಂದು ಮಾತೂ ಇದೆಯೆಂದು ಕಂಡುಬರುವದು.

ಸೆಂಟ್ರಲ್ ಕಾಲೇಜಿನ ಆರಂಭ

ಈ ಕಥೆಯು ನಮ್ಮ ಊರುಗಳಲ್ಲಿ ಮೊದಲಾಗುವದಿಲ್ಲ. ಆ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದವು. ಇಲ್ಲಿಯ ವಿದ್ಯಾರ್ಥಿಗೆ ಮುಂಬಯಿ ವಿಶ್ವವಿದ್ಯಾಲಯವೇ ಗತಿ. ಕನ್ನಡನಾಡಿನಲ್ಲಿಯೇ ಸ್ಥಾಪಿತವಾದ ಮೊದಲನೆಯ ವಿಶ್ವವಿದ್ಯಾಲಯವು ಮೈಸೂರು ಸಂಸ್ಥಾನದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೬ ರಲ್ಲಿ, ಅದು ಹುಟ್ಟಿದಾಗ ವಿಜ್ಞಾನದ ಶಿಕ್ಷಣವು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪಾಲಿಗೆ ಬಂದಿತು.

ಆ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸಿದ ಮಹನೀಯರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ಕನ್ನಡಿಗರು ಮರೆಯಲಾಗದು. ಪಂಪಭಾರತವನ್ನು ಸಂಶೋಧಿಸಿ ಸಾಹಿತ್ಯ ಪರಿಷತ್ತಿನ ಮುಖಾಂತರ ೧೯೩೧ ರಲ್ಲಿ ನಮಗೆ ಕೊಟ್ಟವರು ಅವರೇ. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ೧೯೧೮ ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದವರೂ ಅವರೇ. ಪತ್ರಿಕೆಯು ಎರಡು ವರ್ಷಗಳ ಸುಮಾರಿಗೆ ನಿಂತುಹೋಯಿತು. ಆದರೂ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದು, ಮನೆಯಲ್ಲಿ ಕುಳಿತವರೂ ಓದಿ ತಿಳಿಯಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಇಂದು ನಾವು ಈ ಲೇಖನವನ್ನು ಬರೆಯುವದು ಆ ಹಾದಿಯಲ್ಲಿಯೇ.

ಸಂಶೋಧನೆಯ ದೀಪವನ್ನು ಅದೇ ಕಾಲೇಜಿನಲ್ಲಿ ಹಚ್ಚಿದವರು ಪ್ರೊಫೆಸರ ಬಿ. ವೆಂಕಟೇಶಾಚಾರ್ಯರು. ಅವರ ವಿಷಯವು ವರ್ಣಪಟಲ. ಕಾದು ಉರಿಯುವ ಲೋಹದ ಆವಿಯ ಬೆಳಕನ್ನು ಪಟ್ಟಕದಿಂದ ಒಡೆದು ನೋಡಿದರೆ ಬಣ್ಣಬಣ್ಣದ ಗೆರೆಗಳು ಕಾಣುವವು. ಒಂದೊಂದು ಧಾತುವಿಗೆ ಅದರದೇ ಆದ ಗೆರೆಗಳು, ಊರ ಗೌಡನ ಮುದ್ರೆಯಿದ್ದ ಹಾಗೆ. ಇನ್ನೂ ಸೂಕ್ಷ್ಮವಾದ ಉಪಕರಣದಿಂದ ನೋಡಿದರೆ ಒಂದೇ ಎಂದು ತಿಳಿದ ಗೆರೆಯೊಳಗೆ ಬಹು ಸಣ್ಣ ಗೆರೆಗಳ ಗುಂಪೇ ಇರುವದು. ಈ ಗುಂಪನ್ನು ಅಳೆದು ಆಚಾರ್ಯರೂ ಅವರ ಶಿಷ್ಯರಾದ ಎಲ್. ಸೀಬಯ್ಯನವರೂ ೧೯೩೫ ರಲ್ಲಿ ಇರಿಡಿಯಮ್ ಲೋಹದಲ್ಲಿ ೧೯೧ ಮತ್ತು ೧೯೩ ಎಂಬ ಎರಡು ತೂಕದ ಪರಮಾಣುಗಳಿರುವವೆಂದು ಸಾರಿದರು. ಪರಮಾಣುಗಳನ್ನೇ ತೂಗುವ ಯಂತ್ರವು ಆ ಬಳಿಕ ಇದೇ ಮಾತನ್ನು ಹೇಳಿತು. ಕೈಯಿಂದ ಮುಟ್ಟಲಾಗದ ವಸ್ತುವಿನ ತೂಕವನ್ನು ಅದರ ಬೆಳಕನ್ನು ಓದಿಯೇ ಹೇಳಿದ್ದು ಸಾಮಾನ್ಯ ಕಾರ್ಯವಲ್ಲ. ಅದು ನಮ್ಮ ನಾಡಿನ ಒಂದು ಕಾಲೇಜಿನಲ್ಲಿ, ಪಾಠ ಹೇಳುತ್ತಿದ್ದ ಅಧ್ಯಾಪಕರಿಂದ ನಡೆಯಿತೆಂಬುದನ್ನು ನಾವು ಮನಸ್ಸಿನಲ್ಲಿಡಬೇಕು.

ಬೆಂಗಳೂರಿನಲ್ಲಿ ಹೇಳಿದ ಹೊಸ ಕಿರಣದ ಸುದ್ದಿ

ಈಗ ನೀರಿನ ನೀಲಿಯ ಪ್ರಶ್ನೆಗೆ ತಿರುಗೋಣ. ೧೯೨೧ ರಲ್ಲಿ ಕಲಕತ್ತೆಯ ಪ್ರೊಫೆಸರ ಸಿ. ವಿ. ರಾಮನ್ನರು ಇಂಗ್ಲಂಡದಿಂದ 'ನಾರ್ಕುಂಡಾ' ಎಂಬ ಹಡಗಿನಲ್ಲಿ ಹಿಂದಿರುಗುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿಯು ಅವರ ಕಣ್ಣನ್ನು ಸೆಳೆಯಿತು. ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬವೆಂದು ದೊಡ್ಡ ಪಂಡಿತರು ಹೇಳಿದ್ದರು. ರಾಮನ್ನರ ಬಳಿಯಲ್ಲಿ ನಿಕೋಲ್ ಪಟ್ಟಕವೆಂಬ ಸಣ್ಣ ಸ್ಫಟಿಕದ ತುಂಡೊಂದು ಇದ್ದಿತು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ಅದರ ಮೂಲಕ ತಡೆಯಬಹುದು. ಹಾಗೆ ತಡೆದು ನೋಡಿದರೆ ನೀಲಿಯು ಅಳಿಯಲಿಲ್ಲ, ಮತ್ತಿಷ್ಟು ಉಜ್ವಲವಾಯಿತು. ಆದುದರಿಂದ ನೀರಿನ ಕಣಗಳೇ ಬೆಳಕನ್ನು ಚದರಿಸಿ ನೀಲಿಯನ್ನು ಹೊರಹೊಮ್ಮಿಸುವವೆಂದು ಅವರು ನಿರ್ಣಯಿಸಿದರು. ಕೆಂಪನ್ನು ನೀರು ತಾನೇ ಹೀರಿಕೊಳ್ಳುವದೂ ಈ ಬಣ್ಣಕ್ಕೆ ಸಹಾಯವೆಂದು ಈಗ ತಿಳಿದಿದೆ. ಹಿನ್ನೀರಿನ ದಂಡೆಯ ಮಕ್ಕಳಿಗೆ ನಾವು ಹೇಳಬೇಕಾದ ಉಳಿದರ್ಧ ಉತ್ತರವು ಇದೇ.

ಅಲ್ಲಿಂದ ಏಳು ವರ್ಷ ಅವರೂ ಅವರ ಶಿಷ್ಯರೂ ಚದರಿದ ಬೆಳಕನ್ನೇ ಬೆನ್ನಟ್ಟಿದರು. ೧೯೨೮ ರ ಫೆಬ್ರುವರಿ ೨೮ ರಂದು, ಕೆ. ಎಸ್. ಕೃಷ್ಣನ್ನರ ಸಹಕಾರದಿಂದ ನಡೆದ ಪ್ರಯೋಗದಲ್ಲಿ, ದ್ರವದೊಳಗೆ ಹೊಕ್ಕ ಒಂದು ಬಣ್ಣದ ಬೆಳಕು ಚದರಿ ಹೊರಬರುವಾಗ ತನ್ನೊಡನೆ ಬೇರೆ ಬಣ್ಣದ ಕ್ಷೀಣವಾದ ಬೆಳಕನ್ನೂ ತರುವದೆಂಬುದು ನಿಶ್ಚಯವಾಯಿತು. ಈ ಬದಲಾವಣೆಯು ಒಂದೊಂದು ವಸ್ತುವಿಗೆ ಒಂದೊಂದು ತೆರನಾಗಿರುವದು. ಆದುದರಿಂದಲೇ ಇಂದು ಔಷಧದ ಸಾಚಾತನವನ್ನೂ, ರತ್ನದ ಜಾತಿಯನ್ನೂ, ಹಳೆಯ ಭಿತ್ತಿಚಿತ್ರದ ಬಣ್ಣವನ್ನೂ ಚೂರು ಸಹ ಕೆರೆಯದೆ ಬೆಳಕಿನಿಂದಲೇ ಗುರುತಿಸುವರು.

ಪ್ರಯೋಗವು ಕಲಕತ್ತೆಯದಾದರೂ ಅದರ ವಿವರವಾದ ವ್ಯಾಖ್ಯಾನವು ನಡೆದದ್ದು ಬೆಂಗಳೂರಿನಲ್ಲಿ. ೧೯೨೮ ರ ಮಾರ್ಚ ೧೬ ರಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಪ್ರಾರಂಭೋತ್ಸವಕ್ಕೆ ಬಂದ ರಾಮನ್ನರು 'ಒಂದು ಹೊಸ ಕಿರಣ' ಎಂಬ ವಿಷಯವನ್ನು ಕುರಿತು ಮಾತನಾಡಿದರು. ಎರಡು ವರ್ಷದ ಮೇಲೆ, ೧೯೩೦ ರಲ್ಲಿ, ಅವರಿಗೆ ನೊಬೆಲ್ ಪಾರಿತೋಷಕವು ಬಂದಿತು.

ವಿಜ್ಞಾನ ಮಂದಿರದ ಹೊಸ ವಿಭಾಗ

ಬೆಂಗಳೂರಿನಲ್ಲಿ ಟಾಟಾರವರ ಉದಾರ ದಾನದಿಂದ ೧೯೦೯ ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರದಲ್ಲಿ ಬಹುಕಾಲ ಭೌತವಿಜ್ಞಾನಕ್ಕೆ ವಿಭಾಗವೇ ಇದ್ದಿಲ್ಲ. ೧೯೩೩ ರಲ್ಲಿ ರಾಮನ್ನರು ಅದರ ಮೊದಲನೆಯ ಭಾರತೀಯ ನಿರ್ದೇಶಕರಾಗಿ ಬಂದು ಆ ವಿಭಾಗವನ್ನು ತೆರೆದರು. ತೆರೆದ ಎರಡು ಮೂರು ವರ್ಷಗಳಲ್ಲಿಯೇ ಅಲ್ಲಿಂದ ಒಂದು ಪ್ರಸಿದ್ಧ ಸಿದ್ಧಾಂತವು ಹೊರಟಿತು. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ನಾದವನ್ನು ದ್ರವದಲ್ಲಿ ಹರಿಸಿದರೆ ಅದರಲ್ಲಿ ದಟ್ಟ-ವಿರಳ ಪದರುಗಳು ಸಾಲಾಗಿ ಏಳುವವು. ಅವುಗಳ ನಡುವೆ ಹಾದ ಬೆಳಕು ಒಂದೇ ದಿಕ್ಕಿಗೆ ಹೋಗದೆ ಬಾಚಣಿಕೆಯ ಹಲ್ಲುಗಳಂತೆ ಕವಲೊಡೆಯುವದು. ಇದು ಹೇಗೆಂಬುದನ್ನು ರಾಮನ್ನರೂ ತರುಣ ಎನ್. ಎಸ್. ನಾಗೇಂದ್ರನಾಥರೂ ೧೯೩೫-೩೬ ರ ಲೇಖನಗಳಲ್ಲಿ ಗಣಿತದಿಂದ ವಿವರಿಸಿದರು. ಬೆಳಕನ್ನು ನಾದದಿಂದ ತಿರುಗಿಸುವ ಇಂದಿನ ಉಪಕರಣಗಳನ್ನು ಕಟ್ಟುವವರು ಈಗಲೂ ಇವರಿಬ್ಬರ ಹೆಸರಿನ ಸಿದ್ಧಾಂತವನ್ನು ಓದಬೇಕಾಗುವದು.

ಆದರೆ ಮನೆಯೊಳಗೆ ಶಾಂತಿಯಿರಲಿಲ್ಲ. ಆಡಳಿತದ ಮತ್ತು ಹಣದ ವಿನಿಯೋಗದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು ೧೯೩೭ ರಲ್ಲಿ ರಾಮನ್ನರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಅಧ್ಯಾಪಕರಾಗಿ ಅವರು ೧೯೪೮ ರ ವರೆಗೆ ಅಲ್ಲಿಯೇ ಉಳಿದು ಶಿಷ್ಯರನ್ನು ತಯಾರಿಸಿದರು. ವಿದ್ಯುತ್ತಿನ ಶಾಖೆಯನ್ನು ಓದಲು ಬಂದ ಜಿ. ಎನ್. ರಾಮಚಂದ್ರನ್ನರು ಬೆಳಕಿನ ಕಡೆಗೆ ತಿರುಗಿದ್ದು ಇಲ್ಲಿಯೇ. ರಾಮನ್ನರ ತರುವಾಯ ವಿಭಾಗದ ಭಾರವನ್ನು ಹೊತ್ತವರೂ ಅವರ ಶಿಷ್ಯರೇ ಆದ ಆರ್. ಎಸ್. ಕೃಷ್ಣನ್ನರು.

ಈ ಶಿಷ್ಯವರ್ಗದಲ್ಲಿ ಅಣ್ಣಾ ಮಣಿಯವರ ವೃತ್ತಾಂತವನ್ನು ನಮ್ಮ ಸಹೋದರಿಯರು ವಿಶೇಷವಾಗಿ ಓದಬೇಕು. ೧೯೪೦ ರಲ್ಲಿ ಅವರು ಈ ಪ್ರಯೋಗಶಾಲೆಗೆ ಬಂದರು. ರಾಮನ್ನರ ಸಂಗ್ರಹದಲ್ಲಿ ಸುಮಾರು ೩೦೦ ವಜ್ರಗಳಿದ್ದವು. ವಜ್ರವೂ ಮಾಣಿಕ್ಯವೂ ಬೆಳಕನ್ನುಂಡು ತಾವೇ ಹೊಳೆಯುವ ಬಗೆಯನ್ನು ಪರೀಕ್ಷಿಸುವದು ಅವರ ಕೆಲಸ. ಈ ಹೊಳಪು ಎಷ್ಟು ಕ್ಷೀಣವೆಂದರೆ ಛಾಯಾಚಿತ್ರದ ಗಾಜಿನ ಮೇಲೆ ಅದು ಮೂಡಲು ಒಮ್ಮೊಮ್ಮೆ ೧೫-೨೦ ತಾಸು ಹಿಡಿಯುವದು. ಅವರು ರಾತ್ರಿಯನ್ನು ಪ್ರಯೋಗಶಾಲೆಯಲ್ಲಿಯೇ ಕಳೆಯುತ್ತಿದ್ದರು. ಲೇಖನಗಳು ಪ್ರಕಟವಾದವು, ೧೯೪೫ ರಲ್ಲಿ ಪ್ರಬಂಧವೂ ಸಿದ್ಧವಾಯಿತು. ಆದರೆ ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ ಪದವಿಯನ್ನು ಕೊಡಲಿಲ್ಲ. ಆ ಪ್ರಬಂಧವು ರಾಮನ್ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದವರ ಪ್ರಬಂಧಗಳ ಸಾಲಿನಲ್ಲಿಯೇ, ಅವುಗಳಂತೆಯೇ ರಟ್ಟು ಕಟ್ಟಿಸಿಕೊಂಡು ಕುಳಿತಿತು. ಅಣ್ಣಾ ಮಣಿಯವರು ಅದಕ್ಕಾಗಿ ಕೊರಗುತ್ತ ಕೂಡಲಿಲ್ಲ. ಹವಾಮಾನ ಇಲಾಖೆಯನ್ನು ಸೇರಿ, ದೇಶದ ಬಿಸಿಲನ್ನು ಅಳೆಯುವ ಉಪಕರಣಗಳನ್ನು ದೇಶದಲ್ಲಿಯೇ ಮಾಡಿಸಿ, ಎಲ್ಲೆಲ್ಲಿ ಎಷ್ಟು ಬಿಸಿಲು ಬೀಳುವದೆಂಬ ಲೆಕ್ಕವನ್ನು ೧೯೮೦ ರಲ್ಲಿ ಗ್ರಂಥರೂಪವಾಗಿ ಕೊಟ್ಟರು. ಇಂದು ನಮ್ಮ ಬಯಲುಸೀಮೆಯ ಮಾಳಿಗೆಗಳ ಮೇಲೆ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವವರು ಅವರಿಗೆ ಋಣಿಗಳು.

ಬಿಸಿಲಿನ ಪ್ರಯೋಗಶಾಲೆ

ನಿವೃತ್ತರಾದ ರಾಮನ್ನರು ಮೈಸೂರು ಸರಕಾರದಿಂದ ಮೊದಲೇ ದೊರೆತಿದ್ದ ಭೂಮಿಯಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ೧೯೪೮ ರಲ್ಲಿ ಆರಂಭಿಸಿದರು. ಮೊದಲಲ್ಲಿ ಅಲ್ಲಿಗೆ ವಿದ್ಯುತ್ತೇ ಬಂದಿದ್ದಿಲ್ಲ. ಇತರರಾಗಿದ್ದರೆ ತಂತಿ ಬರುವ ತನಕ ಕೈಕಟ್ಟಿ ಕೂಡುತ್ತಿದ್ದರೇನೋ! ರಾಮನ್ನರು ಕಿಟಕಿಯ ಬಳಿ ಒಂದು ಕನ್ನಡಿಯನ್ನು ನಿಲ್ಲಿಸಿ, ಸೂರ್ಯನು ಚಲಿಸಿದಂತೆ ಅದನ್ನು ಕೈಯಿಂದ ತಿರುಗಿಸುತ್ತ, ಬಿಸಿಲಿನ ಕೋಲನ್ನು ಕತ್ತಲೆಯ ಕೋಣೆಯೊಳಗೆ ತಂದು, ಕೆಲವೇ ಮಸೂರಗಳ ಸಹಾಯದಿಂದ ಮನೋಹರವಾದ ಪ್ರಯೋಗಗಳನ್ನು ನಡೆಯಿಸಿದರು.

ಈ ಸಂಸ್ಥೆಗೆ ಬಂದ ತರುಣರಲ್ಲಿ ಎಸ್. ಪಂಚರತ್ನಂ ಒಬ್ಬರು; ರಾಮನ್ನರಿಗೆ ಸೋದರಸಂಬಂಧದಿಂದ ಹತ್ತಿರದವರು, ೧೯೩೪ ರಲ್ಲಿ ಹುಟ್ಟಿದವರು. ಸ್ಫಟಿಕಗಳೊಳಗೆ ಬೆಳಕು ಹಾದುಹೋಗುವ ರೀತಿಯನ್ನು ಅಭ್ಯಸಿಸುತ್ತ, ೧೯೫೬ ರಲ್ಲಿ, ಕೇವಲ ೨೨ ವರ್ಷದವರಿದ್ದಾಗ, ಅವರು ಒಂದು ವಿಚಿತ್ರವಾದ ಸಂಗತಿಯನ್ನು ಕಂಡುಕೊಂಡರು. ಅದನ್ನು ಮನೆಯ ಮಾತಿನಲ್ಲಿ ಹೀಗೆ ಹೇಳಬಹುದು. ಗುಂಡಾದ ಕೊಡದ ಮೇಲೆ ಒಂದು ಇರುವೆಯು ಕಡ್ಡಿಯೊಂದನ್ನು ಕಚ್ಚಿಕೊಂಡು ನಡೆಯುತ್ತಿದೆಯೆನ್ನಿ. ಕಡ್ಡಿಯನ್ನು ಅದು ಎಲ್ಲಿಯೂ ಬೇಕೆಂದು ತಿರುಗಿಸುವದಿಲ್ಲ. ಆದರೂ ಮೂರು ಮೂಲೆಯ ದಾರಿಯಲ್ಲಿ ಸುತ್ತಿ ಹೊರಟ ಜಾಗಕ್ಕೇ ಬಂದಾಗ ಕಡ್ಡಿಯ ಮುಖವು ಮೊದಲಿನ ದಿಕ್ಕಿಗೆ ಇರುವದಿಲ್ಲ. ಕೊಡದ ಗುಂಡುತನವೇ ಅದನ್ನು ತಿರುಗಿಸಿರುವದು. ಬೆಳಕಿನ ಕಂಪನದ ದಿಕ್ಕನ್ನು ಹಂತಹಂತವಾಗಿ ಬದಲಿಸಿ ಕೊನೆಗೆ ಮೊದಲಿನಂತೆಯೇ ಮಾಡಿದರೂ ಅದರ ಅಲೆಯ ಹೆಜ್ಜೆಯು ಮೊದಲಿನ ಹೆಜ್ಜೆಗೆ ಕೂಡುವದಿಲ್ಲವೆಂದೂ, ಆ ವ್ಯತ್ಯಾಸವು ಅದು ಸುತ್ತಿದ ತ್ರಿಕೋಣದ ವಿಸ್ತಾರದ ಅರ್ಧದಷ್ಟೆಂದೂ ಪಂಚರತ್ನಂ ತೋರಿಸಿದರು.

ಈ ಲೇಖನವು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೊರಗಿನ ಲೋಕವು ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ಪಂಚರತ್ನಂ ೧೯೬೧ ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ, ಬಳಿಕ ಆಕ್ಸಫರ್ಡಕ್ಕೆ ಹೋಗಿ, ೧೯೬೯ ರ ಮೇ ೨೮ ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಮೂವತ್ತೈದೇ ವರ್ಷ! ೧೯೮೪ ರಲ್ಲಿ ಬ್ರಿಸ್ಟಲಿನ ಮೈಕೇಲ್ ಬೆರ್ರಿಯವರು ಇಂಥದೇ ತತ್ವವನ್ನು ಇನ್ನೂ ವಿಶಾಲವಾದ ರೂಪದಲ್ಲಿ ಕಂಡುಹಿಡಿದು ಜಗತ್ಪ್ರಸಿದ್ಧರಾದರು. ಆಗ ಬೆಂಗಳೂರಿನಲ್ಲಿ ಹಳೆಯ ಲೇಖನವನ್ನು ನೆನಪಿಟ್ಟವರು ಇದ್ದರು. ಪಂಚರತ್ನಂ ಅವರ ಅಣ್ಣಂದಿರಾದ ಎಸ್. ರಾಮಶೇಷನ್ನರೂ ರಾಜಾರಾಂ ನಿತ್ಯಾನಂದರೂ ೧೯೮೬ ರಲ್ಲಿ ಈ ಸಂಬಂಧವನ್ನು ಎತ್ತಿ ತೋರಿಸಿದರು. ಬೆರ್ರಿಯವರೂ ದೊಡ್ಡ ಮನಸ್ಸಿನಿಂದ ೧೯೮೭ ರಲ್ಲಿ ಪಂಚರತ್ನಂ ಅವರ ಕಾರ್ಯವನ್ನು ವಿವರಿಸಿ ಬರೆದು ಮನ್ನಣೆಯಿತ್ತರು. ಸತ್ತ ಹದಿನೆಂಟು ವರ್ಷದ ಮೇಲೆ ಬಂದ ಕೀರ್ತಿಯಿದು. ಬರೆದಿಟ್ಟ ಕಾಗದ, ಅದನ್ನು ಓದಿ ನೆನಪಿಟ್ಟ ಜನ, ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಹೆಸರು ಅಳಿಯುತ್ತಿತ್ತು.

ಮೈಸೂರು ಮತ್ತು ಧಾರವಾಡ

ವಿದ್ಯೆಯು ಒಂದೇ ಊರಿನಲ್ಲಿ ನಿಲ್ಲಲಿಲ್ಲ. ಕುವೆಂಪುರವರು 'ಮಾನಸಗಂಗೋತ್ರಿ' ಎಂದು ಹೆಸರಿಟ್ಟ ಮೈಸೂರಿನ ವಿದ್ಯಾಕ್ಷೇತ್ರದಲ್ಲಿ ೧೯೬೧ ರಲ್ಲಿ ಪಂಚರತ್ನಂ ಅವರ ಇನ್ನೊಬ್ಬ ಅಣ್ಣಂದಿರಾದ ಎಸ್. ಚಂದ್ರಶೇಖರರು ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ನೀರಿನಂತೆ ಹರಿದರೂ ಸ್ಫಟಿಕದಂತೆ ಬೆಳಕನ್ನು ನಡೆಯಿಸುವ 'ದ್ರವಸ್ಫಟಿಕ'ಗಳ ಅಭ್ಯಾಸವನ್ನು ಅವರು ಅಲ್ಲಿ ಬೆಳೆಸಿದರು. ೧೯೭೧ ರಲ್ಲಿ ರಾಮನ್ ಸಂಸ್ಥೆಗೆ ಬಂದು, ೧೯೭೭ ರಲ್ಲಿ ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗಬಹುದೆಂಬುದನ್ನು ಸಹೋದ್ಯೋಗಿಗಳೊಡನೆ ಜಗತ್ತಿಗೆ ಮೊದಲು ತೋರಿಸಿದರು. ನಮ್ಮ ಕೈಗಡಿಯಾರದ ಅಂಕೆಗಳೂ ಗೋಡೆಯ ಮೇಲಿನ ದೂರದರ್ಶನದ ತೆರೆಯೂ ದ್ರವಸ್ಫಟಿಕದ ಕುಲಕ್ಕೆ ಸೇರಿದವು.

ನಮ್ಮ ಕಡೆಗೆ ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ ರಲ್ಲಿ ಸ್ಥಾಪಿತವಾಗಿ, ಮರುವರ್ಷ ಧಾರವಾಡಕ್ಕೆ ಬಂದಿತು. ಬಾಗಲಕೋಟೆಯ ವಿದ್ಯಾರ್ಥಿಗೆ ಮುಂಬಯಿಯ ದಾರಿಯು ತಪ್ಪಿತು. ಅಲ್ಲಿ ಪ್ರೊಫೆಸರ ಎನ್. ಆರ್. ತಾವಡೆಯವರೂ ಅವರ ಶಿಷ್ಯರೂ ಅಣುಗಳ ವರ್ಣಪಟಲದ ಅಭ್ಯಾಸವನ್ನು ಕೈಕೊಂಡು ಲೇಖನಗಳನ್ನು ಪ್ರಕಟಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವೆಂಕಟೇಶಾಚಾರ್ಯರು ಓದಿದ ಲಿಪಿಯನ್ನೇ ಧಾರವಾಡದವರೂ ಓದಿದರೆನ್ನಬಹುದು.

ನಮ್ಮ ಮನೆಯ ಬೆಳಕಿಂಡಿ

ಈ ಇತಿಹಾಸದಿಂದ ನಾವು ಕಲಿಯತಕ್ಕದ್ದೇನು? ಉಪಕರಣಗಳು ಬೇಡವೆಂದು ನಾವು ಹೇಳುವದಿಲ್ಲ. ಇರಿಡಿಯಮ್ಮಿನ ಗೆರೆಗಳು ಬರಿಗಣ್ಣಿಗೆ ಕಾಣಲಾರವು. ಆದರೆ ಸೆಂಟ್ರಲ್ ಕಾಲೇಜಿನಿಂದ ಇಲ್ಲಿಯವರೆಗೆ ನೋಡಿದರೆ, ಪ್ರತಿಯೊಂದು ಕಡೆಯಲ್ಲಿಯೂ ಮೊದಲು ಇದ್ದದ್ದು ಒಬ್ಬ ಗುರು, ಬಿಡದೆ ಕೇಳುವ ನಾಲ್ಕು ಜನ ಶಿಷ್ಯರು, ಒಂದು ಕತ್ತಲೆಯ ಕೋಣೆ. ಕಟ್ಟಡವು ಆಮೇಲೆ ಬಂದಿತು. ಗುರುವೊಬ್ಬನು ಹೋದಾಗ ಶಿಷ್ಯನು ಹಿಡಿದುಕೊಂಡದ್ದರಿಂದಲೇ ದೀಪವು ಉಳಿಯಿತು. ಪದವಿಯ ನಿಯಮವೊಂದು ಅಣ್ಣಾ ಮಣಿಯವರನ್ನು ಹೊರಗಿಟ್ಟದ್ದನ್ನೂ, ಪಂಚರತ್ನಂ ಅವರ ಲೇಖನವು ಮೂವತ್ತು ವರ್ಷ ಕಪಾಟಿನಲ್ಲಿ ಕುಳಿತದ್ದನ್ನೂ ಹೊಸ ವಿದ್ಯಾಲಯದವರು ನೆನಪಿಡಬೇಕು. ಯಾರ ಕಣ್ಣು ಚುರುಕೆಂಬುದನ್ನು ಕಾಗದಪತ್ರಗಳು ಯಾವಾಗಲೂ ಹೇಳುವದಿಲ್ಲ. ಆದುದರಿಂದ ಜಮಖಂಡಿಯಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಮೊದಲು ಕೇಳಬೇಕಾದ ಪ್ರಶ್ನೆಯು, "ಕಲಿಸುವವರು ಯಾರು, ಅವರೊಡನೆ ಕತ್ತಲೆಯಲ್ಲಿ ಕೂಡುವ ಮಕ್ಕಳು ಯಾರು?" ಎಂಬುದು.

ಆ ಮಕ್ಕಳು ನಮ್ಮ ಮನೆಗಳಿಂದಲೇ ಹೋಗಬೇಕು. ಹಳೆಯ ಮಣ್ಣಿನ ಮಾಳಿಗೆಯ ಮನೆಯುಳ್ಳವರು ತಮ್ಮ ಬೆಳಕಿಂಡಿಯನ್ನು ಮಕ್ಕಳಿಗೆ ತೋರಿಸಲಿ. ಕಿಂಡಿಯು ಚಿಕ್ಕದಿದ್ದರೆ, ಅದು ಚೌಕಾಗಿರಲಿ ಸೊಟ್ಟಾಗಿರಲಿ, ದೂರದ ನೆಲದ ಮೇಲೆ ಬೀಳುವ ಬಿಸಿಲಿನ ಬಿಲ್ಲೆಯು ದುಂಡಗೇ ಇರುವದು. ಯಾಕೆ? ಅದು ಕಿಂಡಿಯ ಆಕಾರವಲ್ಲ; ಸೂರ್ಯನ ಚಿತ್ರ. ೨೦೧೯ ರ ಡಿಸೆಂಬರ ೨೬ ರ ಗ್ರಹಣದ ಹೊತ್ತಿಗೆ ಇಂಥ ಕಿಂಡಿಗಳ ಬಿಲ್ಲೆಗಳು ದುಂಡುತನವನ್ನು ಬಿಟ್ಟು ಕುಡುಗೋಲಿನಂತೆ ಆದವು. ಬೆಳಕಿಂಡಿಯಿಲ್ಲದವರು ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಬಿಳಿಯ ಕಾಗದದ ಮೇಲೆ ಇದನ್ನು ನೋಡಬಹುದು. ಸೂರ್ಯನನ್ನು ಮಾತ್ರ ನೆಟ್ಟಗೆ ನೋಡಲಾಗದು. ಒಂದು ಕಾಸಿನ ವೆಚ್ಚವಿಲ್ಲ.

ಇನ್ನು ಮೇಲೆ ಮಗುವು ಹಿನ್ನೀರಿನ ದಂಡೆಯಲ್ಲಿ ನಿಂತು ಪ್ರಶ್ನೆ ಮಾಡಿದಾಗ ನಾವು ಅರ್ಧ ಉತ್ತರವನ್ನು ಕೊಟ್ಟು ಸುಮ್ಮನಾಗುವದು ಬೇಡ. ತಿಳಿದಷ್ಟನ್ನು ಹೇಳೋಣ, ಉಳಿದುದನ್ನು "ನೀನೇ ನೋಡಿ ಹೇಳು" ಎನ್ನೋಣ. ಇಳಕಲ್ಲಿನ ಅಂಗಡಿಯಲ್ಲಿ ತಾಯಿಯು ಸೆರಗನ್ನು ಹಿಡಿದು ಬಾಗಿಲಿಗೆ ಬಂದಾಗ ಜೊತೆಯಲ್ಲಿದ್ದ ಮಗಳಿಗೆ ಅದರ ಕಾರಣವನ್ನೂ ಹೇಳಲಿ. ಬೆಳಕಿನ ವಿದ್ಯೆಯ ಮೊದಲನೆಯ ಪಾಠವು ಅಲ್ಲಿಯೇ ಆಗುವದು.